ಎಳೆಯ ಮಕ್ಕಳ ತಾಯಂದಿರು ತಮ್ಮ ಸೃಜನಶೀಲ ಕೆಲಸ ಉಳಿಸಿಕೊಳ್ಳುವುದು ಹೇಗೆ? ಹಂತ ಹಂತದ ಸಮಗ್ರ ಮಾರ್ಗದರ್ಶಿ

ಚಿಕ್ಕ ಮಕ್ಕಳಿರುವ ತಾಯಿ ಬರೆಯುತ್ತೇನೆ, ಚಿತ್ರ ಬಿಡಿಸುತ್ತೇನೆ ಎಂದರೆ ಎಲ್ಲರೂ ಹೇಳುವುದು ಒಂದೇ ಮಾತು: ‘ಸಮಯ ಹೊಂದಿಸಿಕೋ’. ಸಮಯ ಸಾಲದು ಎನ್ನುವುದು ನಿಜ. ಆದರೆ ಸಿಕ್ಕ ಅರ್ಧ ಗಂಟೆಯೂ ಕೈತಪ್ಪಿ ಹೋಗುತ್ತದಲ್ಲ, ಅದು ಯಾಕೆ ಎಂದು ನೋಡಬೇಕು. ಮಗು ಮಲಗುತ್ತದೆ. ನೀವು ಕೂರುತ್ತೀರಿ. ಎಲ್ಲಿಗೆ ನಿಲ್ಲಿಸಿದ್ದೆ ಎಂದು ಹುಡುಕುತ್ತೀರಿ, ಹಿಂದಿನ ನಾಲ್ಕು ಪುಟ ಓದುತ್ತೀರಿ, ಅಥವಾ ಬಣ್ಣದ ಡಬ್ಬಿ ಕೆಳಗಿಳಿಸಿ ಕುಂಚ ತೊಳೆಯುತ್ತೀರಿ. ಮನಸ್ಸು ಕೆಲಸದೊಳಗೆ ಇಳಿಯುವ ಹೊತ್ತಿಗೆ ಸರಿಯಾಗಿ ಒಳಗಿನಿಂದ ಅಳು ಕೇಳಿಸುತ್ತದೆ. ಇದ್ದ ಹೊತ್ತೆಲ್ಲ ಬಿಟ್ಟ ಎಳೆಯನ್ನು ಹುಡುಕುವುದರಲ್ಲೇ ಮುಗಿದಿರುತ್ತದೆ.

ಹಾಗಾಗಿ ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಒಂದೇ ವಿಷಯದ ಬಗ್ಗೆ: ಬಿಟ್ಟ ಎಳೆಯನ್ನು ಎರಡು ನಿಮಿಷದೊಳಗೆ ಮತ್ತೆ ಹಿಡಿಯುವಂತೆ ಕೆಲಸವನ್ನು, ಜಾಗವನ್ನು, ಮನೆಯವರನ್ನು ಸಜ್ಜು ಮಾಡಿಕೊಳ್ಳುವುದು. ಹುಟ್ಟಿದಾಗಿನಿಂದ ಶಾಲೆಗೆ ಸೇರುವವರೆಗಿನ ಮಕ್ಕಳಿರುವ ಎಲ್ಲ ತಾಯಂದಿರಿಗೂ, ಕಲೆ ಯಾವುದೇ ಇರಲಿ, ಇದು ಹೊಂದುತ್ತದೆ.

ಹಂತ 1: ಮಗುವಿನ ವಯಸ್ಸು ನೋಡಿ ಗುರಿ ಇಟ್ಟುಕೊಳ್ಳಿ

‘ಮಗುವಾದ ಮೇಲೆ’ ಎಂದು ನಾವು ಒಂದೇ ಮಾತಿನಲ್ಲಿ ಮುಗಿಸುವ ಕಾಲದೊಳಗೆ ನಾಲ್ಕೈದು ಬೇರೆ ಬೇರೆ ಕಾಲಗಳಿವೆ. ಎರಡು ತಿಂಗಳ ಕೂಸಿನ ತಾಯಿಗೆ ಹೊಂದುವ ಯೋಜನೆ ಎರಡು ವರ್ಷದ ಮಗುವಿನ ತಾಯಿಗೆ ಹೊಂದುವುದಿಲ್ಲ.

ಮೊದಲ ಮೂರು ತಿಂಗಳು: ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ ಈ ವಯಸ್ಸಿನ ಮಗುವಿಗೆ ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಬೇಕು. ಕೇಳಿದರೆ ತಾಯಿಗೆ ಬೇಕಾದಷ್ಟು ಬಿಡುವಿದೆ ಎನಿಸುತ್ತದೆ. ಆದರೆ ಆ ನಿದ್ದೆ ಬರುವುದು ಚೂರುಚೂರಾಗಿ, ಹಗಲು ರಾತ್ರಿಯೆಂಬ ಭೇದವಿಲ್ಲದೆ. ಎರಡು ಮೂರು ಗಂಟೆಗೊಮ್ಮೆ ಹಾಲಿಗೆ ಏಳುತ್ತದೆ. ಈ ಅವಧಿಯಲ್ಲಿ ಏನನ್ನಾದರೂ ಮುಗಿಸುವ ಗುರಿಯೇ ಬೇಡ. ಮಗು ಮಲಗಿದಾಗ ನೀವೂ ಮಲಗಿ. ಹಾಲೂಡಿಸುವಾಗ ಹೊಳೆದ ಒಂದು ಸಾಲು, ಕಣ್ಣಿಗೆ ಬಿದ್ದ ಒಂದು ಬಣ್ಣ, ಗುನುಗಿದ ಒಂದು ತುಣುಕು, ಇಷ್ಟನ್ನು ಫೋನಿಗೆ ಹೇಳಿ ಇಟ್ಟುಕೊಂಡರೆ ಸಾಕು.

ಇಲ್ಲೇ ಒಂದು ಮಾತು ಹೇಳಬೇಕು. ಹೆರಿಗೆಯಾದ ಹೊಸದರಲ್ಲಿ ಸುಮ್ಮನೆ ಅಳು ಬರುವುದು, ಮನಸ್ಸು ಕುಗ್ಗುವುದು ತುಂಬ ತಾಯಂದಿರಿಗೆ ಆಗುತ್ತದೆ. ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗಿ ತಿಳಿಯಾಗುತ್ತದೆ. ಎರಡು ವಾರ ದಾಟಿಯೂ ಮನಸ್ಸು ಏಳದಿದ್ದರೆ, ಮಗು ಮಲಗಿದ್ದಾಗಲೂ ನಿಮಗೆ ನಿದ್ದೆ ಬಾರದಿದ್ದರೆ, ಮೊದಲು ಜೀವಕ್ಕಿಂತ ಹೆಚ್ಚಾಗಿದ್ದ ಕಲೆಯೂ ಬೇಡವೆನಿಸಿದರೆ, ‘ನನ್ನ ಸೋಮಾರಿತನ’ ಎಂದು ಬೈದುಕೊಂಡು ಕೂರಬೇಡಿ. ವೈದ್ಯರನ್ನು ಕಾಣಿ. ಅದು ಪ್ರಸವಾನಂತರದ ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ನಿಮಗೆ ಅಥವಾ ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಎಂಬ ಯೋಚನೆ ಬಂದರಂತೂ ಒಂದು ದಿನವೂ ಕಾಯಬೇಡಿ. ಆ ಕ್ಷಣವೇ ಹತ್ತಿರದವರಿಗೆ ಹೇಳಿ, ಆಸ್ಪತ್ರೆಗೆ ಹೋಗಿ.

ನಾಲ್ಕರಿಂದ ಹನ್ನೊಂದು ತಿಂಗಳು: ನಿದ್ದೆ 12ರಿಂದ 16 ಗಂಟೆಗೆ ಇಳಿಯುತ್ತದೆ, ಆದರೆ ಹಗಲಿನ ನಿದ್ದೆಗೆ ಮೆಲ್ಲಗೆ ಒಂದು ಕ್ರಮ ಬರುತ್ತದೆ. ನಂಬಿಕೊಳ್ಳಬಹುದಾದ ಮೊದಲ ಬಿಡುವು ಸಿಗುವುದು ಈಗ.

ಒಂದರಿಂದ ಎರಡು ವರ್ಷ: 11ರಿಂದ 14 ಗಂಟೆ ನಿದ್ದೆ. ಸುಮಾರು ಹದಿನೈದರಿಂದ ಹದಿನೆಂಟು ತಿಂಗಳ ಹೊತ್ತಿಗೆ ಹಗಲಿನ ಎರಡು ನಿದ್ದೆ ಸೇರಿ ಒಂದಾಗುತ್ತದೆ. ಬೆಳಗಿನ ಬಿಡುವು ಹೋಯಿತಲ್ಲ ಎಂದು ತಾಯಂದಿರು ಕಂಗಾಲಾಗುವುದು ಆಗಲೇ. ನನ್ನನ್ನು ಕೇಳಿದರೆ ಇದು ಒಳ್ಳೆಯ ಬದಲಾವಣೆ. ನಲವತ್ತು ನಿಮಿಷದ ಎರಡು ತುಂಡಿಗಿಂತ ಮಧ್ಯಾಹ್ನದ ಒಂದೂವರೆ ಗಂಟೆಯ ಒಂದೇ ತುಂಡಿನಲ್ಲಿ ಆಗುವ ಕೆಲಸ ಬಹಳ ಹೆಚ್ಚು.

ಮೂರು ವರ್ಷದ ನಂತರ: ಐದು ತುಂಬುವುದರೊಳಗೆ ಬಹುತೇಕ ಮಕ್ಕಳು ಹಗಲು ಮಲಗುವುದನ್ನು ಬಿಡುತ್ತಾರೆ. ಆಗ ಬೇಕಾಗುವ ಉಪಾಯವೇ ಬೇರೆ. ಅದು ಏಳನೇ ಹಂತದಲ್ಲಿದೆ.

ಹಂತ 2: ಒಂದು ವಾರ ಸುಮ್ಮನೆ ಬರೆದಿಡಿ

ಏನನ್ನೂ ಬದಲಿಸುವ ಮೊದಲು ಒಂದು ವಾರ ಎರಡೇ ಸಂಗತಿ ಗುರುತು ಹಾಕಿ: ಮಗು ಯಾವಾಗ, ಎಷ್ಟು ಹೊತ್ತು ಮಲಗಿತು ಎಂಬುದು ಒಂದು; ನಿಮ್ಮ ತಲೆ ಯಾವ ಹೊತ್ತಿನಲ್ಲಿ ಚುರುಕಾಗಿತ್ತು ಎಂಬುದು ಇನ್ನೊಂದು. ವಾರದ ಕೊನೆಗೆ ಎರಡೂ ಕೂಡುವ ಜಾಗ ಒಂದಾದರೂ ಕಾಣುತ್ತದೆ. ಅದೇ ನಿಮ್ಮ ಹೊತ್ತು.

ಮುಂಜಾನೆ ಎದ್ದವರೇ ಸಾಧಕರು ಎಂಬ ಮಾತಿಗೆ ಮರುಳಾಗಬೇಡಿ. ಟೋನಿ ಮಾರಿಸನ್ ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕಿಯಾಗಿದ್ದುಕೊಂಡು, ಒಬ್ಬರೇ ಇಬ್ಬರು ಗಂಡುಮಕ್ಕಳನ್ನು ಸಾಕುತ್ತ, ಅವರು ಏಳುವ ಮುಂಚೆ ನಸುಕಿನಲ್ಲಿ ಬರೆಯುತ್ತಿದ್ದರು. ಮೂರು ಮಕ್ಕಳ ತಾಯಿ ಉರ್ಸುಲಾ ಲೆ ಗ್ವಿನ್ ಬರೆದದ್ದು ಮಕ್ಕಳು ಮಲಗಿದ ಮೇಲೆ ರಾತ್ರಿ. ಇಬ್ಬರೂ ದೊಡ್ಡ ಬರಹಗಾರ್ತಿಯರಾದರು. ರಾತ್ರಿ ಮಗು ಎರಡು ಮೂರು ಸಲ ಏಳುವ ಕಾಲದಲ್ಲಿ ಮುಂಜಾನೆಯ ಅಲಾರಾಂ ನಿಮ್ಮ ದೇಹದ ಮೇಲಿನ ಸಾಲ; ಸಂಜೆಯೊಳಗೆ ಅದನ್ನು ತೀರಿಸುವುದು ನಿಮ್ಮ ಸಹನೆ. ಮುಂಜಾನೆಯೇ ಹೊಂದುವುದಾದರೂ ಎದ್ದ ಮೊದಲ ಹದಿನೈದು ಇಪ್ಪತ್ತು ನಿಮಿಷ ಮೆದುಳು ಮಂಕಾಗಿರುತ್ತದೆ ಎಂಬುದು ನೆನಪಿರಲಿ. ಆ ಹೊತ್ತಿಗೆ ನಿನ್ನೆಯ ಕೊನೆಯ ಪ್ಯಾರಾವನ್ನು ಕೈಯಲ್ಲಿ ನಕಲು ಮಾಡುವಂಥ, ಯೋಚನೆ ಬೇಡದ ಕೆಲಸ ಇಟ್ಟುಕೊಳ್ಳಿ.

ಈ ಹಂತದಲ್ಲಿ ಪಾಲಿಸಬೇಕಾದ ಒಂದು ಕಟ್ಟುನಿಟ್ಟು: ಮಗು ಎದ್ದಿರುವಾಗ ಮಾಡಬಹುದಾದ ಕೆಲಸವನ್ನು ಮಗು ಮಲಗಿದಾಗ ಮಾಡಬೇಡಿ. ಬಟ್ಟೆ ಮಡಚುವುದು, ಪಾತ್ರೆ ಜೋಡಿಸುವುದು, ಕಸ ಗುಡಿಸುವುದು ಎಲ್ಲವೂ ಮಗುವಿನ ಮುಂದೆಯೇ ನಡೆಯುತ್ತವೆ, ಮಗುವಿಗೆ ಅದರಲ್ಲಿ ಖುಷಿಯೂ ಇದೆ. ಕವಿತೆ ಹಾಗೆ ನಡೆಯುವುದಿಲ್ಲ. ಮಗು ಮಲಗಿದ ಮೊದಲ ಇಪ್ಪತ್ತು ನಿಮಿಷ ನಿಮ್ಮ ಕಲೆಗೆ, ಉಳಿದದ್ದು ಬೇಕಾದರೆ ಮನೆಗೆ. ‘ಮೊದಲು ಮನೆ ಚೊಕ್ಕ ಮಾಡಿಕೊಂಡು ಆಮೇಲೆ ಕೂರುತ್ತೇನೆ’ ಎಂದರೆ ಆ ಆಮೇಲೆ ಬರುವುದೇ ಇಲ್ಲ.

ಹಂತ 3: ಕೆಲಸದ ಆಕಾರ ಬದಲಿಸಿ

ಸಿಗುವ ಹೊತ್ತಿಗೆ ತಕ್ಕಂತೆ ಕೆಲಸದ ಪ್ರಕಾರವನ್ನೇ ಕೆಲವು ಕಾಲ ಬದಲಿಸುವುದರಲ್ಲಿ ಸೋಲೇನೂ ಇಲ್ಲ. ಕೆನಡಾದ ಲೇಖಕಿ ಆಲಿಸ್ ಮನ್ರೋ ಸಣ್ಣಕಥೆಗೆ ಅಂಟಿಕೊಂಡದ್ದಕ್ಕೆ ಒಂದು ಕಾರಣ, ಮಕ್ಕಳು ಚಿಕ್ಕವರಿದ್ದಾಗ ಕಾದಂಬರಿಗೆ ಬೇಕಾದ ದೀರ್ಘ ಸಮಯ ಇರದಿದ್ದುದು. ಅದನ್ನು ಅವರೇ ಹೇಳಿಕೊಂಡಿದ್ದಾರೆ. ಮೊದಲ ಸಂಕಲನ ಬಂದದ್ದು 1968ರಲ್ಲಿ, ಆಗ ಅವರಿಗೆ ಮೂವತ್ತೇಳು ವರ್ಷ. ನೊಬೆಲ್ ಬಂದದ್ದು 2013ರಲ್ಲಿ, ಅದೇ ಸಣ್ಣಕಥೆಗಳಿಗಾಗಿ.

ಶಿಲ್ಪಿ ರೂತ್ ಅಸಾವಾ ಅವರಿಗೆ ಆರು ಮಕ್ಕಳು. 1947ರಲ್ಲಿ ಮೆಕ್ಸಿಕೋಗೆ ಹೋಗಿದ್ದಾಗ ತಂತಿಯನ್ನು ಕುಣಿಕೆ ಕುಣಿಕೆಯಾಗಿ ಹೆಣೆದು ಬುಟ್ಟಿ ಮಾಡುವುದನ್ನು ಅಲ್ಲಿನ ಕುಶಲಕರ್ಮಿಗಳಿಂದ ಕಲಿತರು. ಮುಂದೆ ಅದೇ ಅವರ ಮಾಧ್ಯಮವಾಯಿತು. ಮನೆಯಲ್ಲೇ, ಮಕ್ಕಳ ನಡುವೆಯೇ ಕೂತು ಹೆಣೆದರು. ತಂತಿಯ ಗುಣ ನೋಡಿ: ಒಣಗುವುದಿಲ್ಲ, ವಾಸನೆ ಬರುವುದಿಲ್ಲ, ಯಾವ ಕುಣಿಕೆಯಲ್ಲಿ ನಿಲ್ಲಿಸಿದರೂ ಮುಂದಿನ ಕುಣಿಕೆ ಎಲ್ಲಿ ಎಂದು ಕೈಗೇ ಗೊತ್ತಾಗುತ್ತದೆ. ಬಿಟ್ಟ ಎಳೆ ಕಣ್ಣೆದುರೇ ಇರುವ ಕೆಲಸ ಎಂದರೆ ಇದು.

ಇನ್ನೊಬ್ಬ ಶಿಲ್ಪಿ ಬಾರ್ಬರಾ ಹೆಪ್‌ವರ್ತ್ ಮೊದಲೇ ಒಬ್ಬ ಮಗನಿದ್ದವರು, 1934ರಲ್ಲಿ ತ್ರಿವಳಿ ಮಕ್ಕಳನ್ನು ಹೆತ್ತರು. ಎರಡನೇ ಮಹಾಯುದ್ಧದ ಮೊದಲ ವರ್ಷಗಳಲ್ಲಿ ಕಲ್ಲು ಕೆತ್ತಲು ಅವರಿಗೆ ಸಾಧ್ಯವೇ ಆಗಲಿಲ್ಲ. ಹಗಲೆಲ್ಲ ಮಕ್ಕಳು ಮತ್ತು ತೋಟ. ರಾತ್ರಿ ಚಿತ್ರ ಬಿಡಿಸಿದರು, ಪ್ಲಾಸ್ಟರಿನಲ್ಲಿ ಚಿಕ್ಕ ಮಾದರಿಗಳನ್ನು ಮಾಡಿದರು. ದಿನಕ್ಕೆ ಅರ್ಧ ಗಂಟೆಯಾದರೂ ಕೆಲಸ ಮಾಡಿದರೆ ರೂಪಗಳು ಮನಸ್ಸಿನೊಳಗೆ ಬೆಳೆಯುತ್ತಲೇ ಇರುತ್ತವೆ ಎಂಬುದು ಅವರ ಅನುಭವ. ಆ ‘ಬೆಳೆಯುತ್ತಲೇ ಇರುವುದು’ ನನಗೆ ಬಹಳ ಮುಖ್ಯವೆನಿಸುತ್ತದೆ. ವಾರಕ್ಕೊಮ್ಮೆ ನಾಲ್ಕು ಗಂಟೆಗಿಂತ ದಿನಾ ಇಪ್ಪತ್ತು ನಿಮಿಷ ಹೆಚ್ಚು ಫಲ ಕೊಡುವುದು ಇದೇ ಕಾರಣಕ್ಕೆ. ಎಳೆ ತಣ್ಣಗಾಗುವುದಿಲ್ಲ.

ಈಗ ನಿಮ್ಮ ಕೆಲಸಕ್ಕೆ ಬನ್ನಿ. ಒಂದು ಹಾಳೆಯಲ್ಲಿ ಮೂರು ಪಟ್ಟಿ ಮಾಡಿ.

ಐದು ನಿಮಿಷದ್ದು: ಪಾತ್ರಕ್ಕೊಂದು ಹೆಸರು ಹುಡುಕುವುದು, ಒಂದು ಸಾಲನ್ನು ಗಟ್ಟಿಯಾಗಿ ಓದಿ ತಿದ್ದುವುದು, ಎರಡು ಬಣ್ಣ ಬೆರೆಸಿ ನೋಡುವುದು, ಕಷ್ಟದ ಒಂದು ಸ್ವರಗುಚ್ಛವನ್ನು ನಿಧಾನವಾಗಿ ಹೇಳುವುದು.

ಇಪ್ಪತ್ತು ನಿಮಿಷದ್ದು: ಒಂದು ದೃಶ್ಯದ ಕರಡು, ಒಂದು ರೇಖಾಚಿತ್ರ, ಒಂದು ಚರಣ.

ಒಂದೂವರೆ ಗಂಟೆಯದ್ದು: ಇಡೀ ಕಥೆಯನ್ನು ಓದಿ ರಚನೆ ಸರಿಪಡಿಸುವುದು, ದೊಡ್ಡ ಚಿತ್ರಕ್ಕೆ ಬಣ್ಣ ತುಂಬುವುದು, ಧ್ವನಿಮುದ್ರಣ.

ಬಿಡುವು ಸಿಕ್ಕಾಗ ‘ಈಗ ಏನು ಮಾಡಲಿ’ ಎಂದು ಯೋಚಿಸಬಾರದು. ಪಟ್ಟಿ ನೋಡಿ ಆ ಅಳತೆಯ ಒಂದನ್ನು ಎತ್ತಿಕೊಳ್ಳಬೇಕು. ಹಾಗೆಯೇ, ಐದು ನಿಮಿಷ ಸಿಕ್ಕಾಗ ಒಂದೂವರೆ ಗಂಟೆಯ ಕೆಲಸಕ್ಕೆ ಕೈ ಹಾಕಬೇಡಿ. ಅಲ್ಲಿ ಹುಟ್ಟುವ ಸಿಟ್ಟು ಹೋಗಿ ತಗಲುವುದು ಮಗುವಿಗೆ.

ಹಂತ 4: ನಿಲ್ಲಿಸುವುದನ್ನು ಕಲಿಯಿರಿ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಪಾಲಿಸುತ್ತೇನೆ ಎನ್ನುವವರು ಇದನ್ನು ಆರಿಸಿಕೊಳ್ಳಿ. ಮುಗಿಸುವ ಹೊತ್ತಿನ ಕೊನೆಯ ಮೂರು ನಿಮಿಷ ಕೆಲಸಕ್ಕಲ್ಲ, ನಾಳೆ ಬಂದು ಕೂರುವ ನಿಮಗಾಗಿ ಒಂದು ಚೀಟಿ ಬರೆಯುವುದಕ್ಕೆ. ಚೀಟಿ ಹೀಗಿರಬಾರದು: ‘ಮೂರನೇ ಅಧ್ಯಾಯ ಮುಂದುವರಿಸು’. ಹೀಗಿರಲಿ:

‘ಅಜ್ಜಿ ಪೆಟ್ಟಿಗೆ ತೆರೆದಳು, ಒಳಗೆ ಪತ್ರ ಇಲ್ಲ. ಮೊಮ್ಮಗಳಿಗೆ ಇದು ಮೊದಲೇ ಗೊತ್ತಿತ್ತು, ಆದರೆ ಸುಮ್ಮನಿದ್ದಾಳೆ. ಮುಂದಿನ ಸಾಲು ಮೊಮ್ಮಗಳ ಕೈಯಿಂದ ಶುರು ಮಾಡು, ಅವಳು ಸೆರಗಿನ ತುದಿ ಸುತ್ತುತ್ತಿದ್ದಾಳೆ. ಎರಡನೇ ಪ್ಯಾರಾದಲ್ಲಿ ಮಳೆ ಬೇಡ, ತೆಗೆ.’

ಇಷ್ಟು ಬರೆದಿಟ್ಟರೆ ಮರುದಿನ ಹಿಂದಿನದನ್ನು ಓದಬೇಕಿಲ್ಲ. ಸೆರಗಿನ ತುದಿಯಿಂದ ಶುರು ಮಾಡಿದರಾಯಿತು. ಚಿತ್ರ ಬಿಡಿಸುವವರು ಯಾವ ಬಣ್ಣಕ್ಕೆ ಯಾವುದನ್ನು ಎಷ್ಟು ಬೆರೆಸಿದ್ದು ಎಂದು ಕ್ಯಾನ್‌ವಾಸಿನ ಹಿಂದೆಯೇ ಬರೆದಿಡಿ, ಫೋನಿನಲ್ಲಿ ಒಂದು ಫೋಟೊ ತೆಗೆದಿಡಿ. ಸಂಗೀತದವರು ಎಲ್ಲಿ ತೊಡಕಾಯಿತು, ಎಷ್ಟು ವೇಗದಲ್ಲಿ ಸರಿಹೋಗುತ್ತಿತ್ತು ಎಂಬುದನ್ನು ಗುರುತಿಸಿ. ಹೊಲಿಗೆ, ಕಸೂತಿಯವರು ಮುಂದಿನ ದಾರವನ್ನು ಸೂಜಿಗೆ ಪೋಣಿಸಿ, ಮುಚ್ಚಳ ಗಟ್ಟಿಯಿರುವ ಡಬ್ಬಿಯಲ್ಲಿ ಮೇಲಿಡಿ.

ಮಗು ದಿಢೀರನೆ ಎದ್ದರೆ ಚೀಟಿಗೆ ಹೊತ್ತಿರುವುದಿಲ್ಲ. ಆಗ ಮಗುವಿನ ಕಡೆ ನಡೆಯುತ್ತಲೇ ಫೋನಿಗೆ ಎರಡು ವಾಕ್ಯ ಹೇಳಿಬಿಡಿ. ಫೋನಿನ ಕೀಬೋರ್ಡ್‌ಗಳಲ್ಲಿ ಕನ್ನಡ ಮಾತನ್ನು ಅಕ್ಷರಕ್ಕೆ ಇಳಿಸುವ ಸೌಲಭ್ಯ ಇದೆ. ತಪ್ಪು ಬಂದರೂ ನಿಮಗೆ ಅರ್ಥವಾದರೆ ಸಾಕು.

ಹಂತ 5: ಜಾಗ, ಮತ್ತು ಮಗುವಿನ ಸುರಕ್ಷತೆ

ಪ್ರತ್ಯೇಕ ಕೋಣೆ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಂದು ತಟ್ಟೆ ಅಥವಾ ಹಿಡಿಕೆಯ ಪೆಟ್ಟಿಗೆ ಸಾಕು. ಈಗ ನಡೆಯುತ್ತಿರುವ ಕೆಲಸಕ್ಕೆ ಬೇಕಾದ್ದೆಲ್ಲ ಅದರಲ್ಲಿರಲಿ, ಬೇರೆ ಏನೂ ಇರದಿರಲಿ. ಎತ್ತಿ ಇಟ್ಟರೆ ಕೆಲಸ ಶುರು, ಎತ್ತಿ ಮೇಲಿಟ್ಟರೆ ಮುಗಿಯಿತು.

ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸಿನ ಮಕ್ಕಳಿರುವ ಮನೆಯಲ್ಲಿ ಕೆಲವು ವಿಷಯ ಎಷ್ಟು ಸಲ ಹೇಳಿದರೂ ಕಡಿಮೆ. ಟರ್ಪೆಂಟೈನ್ ಮತ್ತು ಅಂಥ ದ್ರಾವಕಗಳನ್ನು ನೀರಿನ ಬಾಟಲಿಯಲ್ಲಿ ಯಾವತ್ತೂ ತುಂಬಿಡಬೇಡಿ. ಮಗು ಕುಡಿದರೆ ಪ್ರಾಣಾಪಾಯ. ಸೀಸ, ಕ್ಯಾಡ್ಮಿಯಂ ಇರುವ ಬಣ್ಣಗಳನ್ನು ಈ ಕೆಲವು ವರ್ಷ ಬದಿಗಿಡಿ. ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ಅದು ತಾನಾಗಿ ಕಾದು ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹರಡಿ ಹೊರಗೆ ಒಣಗಿಸಿ. ಜೇಡಿಮಣ್ಣಿನ ಒಣಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲಂಗಿ ಬದಲಿಸಿ ಮಗುವನ್ನು ಎತ್ತಿಕೊಳ್ಳಿ. ಮಣಿ, ಚಿಕ್ಕ ಅಯಸ್ಕಾಂತ, ಬಟನ್ ಬ್ಯಾಟರಿ ನುಂಗಿದ ಅನುಮಾನ ಬಂದರೂ ಸಾಕು, ಕಾದು ನೋಡದೆ ಆಸ್ಪತ್ರೆಗೆ ಓಡಿ. ಮಗು ಮಲಗಿರುವಾಗ ಮಾತ್ರ ಮಾಡುವ ಕೆಲಸ, ಎದ್ದಿರುವಾಗಲೂ ಮಾಡಬಹುದಾದ ಕೆಲಸ ಎಂದು ನಿಮ್ಮ ಸಾಮಗ್ರಿಯನ್ನು ಎರಡು ಪಾಲು ಮಾಡಿಬಿಡಿ.

ಹಂತ 6: ಮನೆಯವರ ಜೊತೆ ಮಾತು

‘ನನಗೂ ಸ್ವಲ್ಪ ಟೈಮ್ ಬೇಕು’ ಎಂದರೆ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಕೇಳುವುದು ಹೀಗಿರಲಿ: ‘ಶನಿವಾರ ಬೆಳಿಗ್ಗೆ ಎಂಟರಿಂದ ಹತ್ತೂವರೆವರೆಗೆ ಮಗು ನಿಮ್ಮ ಹತ್ತಿರ. ತಿಂಡಿ, ಸ್ನಾನ, ಆಟ ಎಲ್ಲ ನಿಮ್ಮದೇ. ನಾನು ಬಾಗಿಲು ಹಾಕಿಕೊಂಡು ಬರೀತಿರ್ತೀನಿ. ಬಿದ್ದು ಪೆಟ್ಟಾದ್ರೆ, ಜ್ವರ ಬಂದ್ರೆ ಕರೀರಿ. ಬೇರೆ ಯಾವುದಕ್ಕೂ ಬೇಡ.’

ಇದರಲ್ಲಿ ದಿನ ಇದೆ, ಗಂಟೆ ಇದೆ, ಯಾವಾಗ ಕರೆಯಬಹುದು ಎಂಬುದೂ ಇದೆ. ಆದರೂ ಮೊದಲ ಕೆಲವು ವಾರ ಬಾಗಿಲಾಚೆಯಿಂದ ಪ್ರಶ್ನೆಗಳು ಬರುತ್ತವೆ: ಡಯಾಪರ್ ಎಲ್ಲಿದೆ, ಯಾವ ಅಂಗಿ ಹಾಕಲಿ, ಎಷ್ಟು ತಿನ್ನಿಸಲಿ. ಉತ್ತರ ಕೊಡಲು ಹತ್ತು ಸೆಕೆಂಡು ಸಾಕು, ಕಡಿದ ಎಳೆ ಕೂಡಿಸಲು ಹತ್ತು ನಿಮಿಷ ಬೇಕು. ಆದ್ದರಿಂದ ಹಿಂದಿನ ದಿನವೇ ಎಲ್ಲವನ್ನೂ ಒಮ್ಮೆ ತೋರಿಸಿಬಿಡಿ. ಆಮೇಲೆ ಅವರು ಅಂಗಿಯನ್ನು ತಿರುವುಮುರುವಾಗಿ ಹಾಕಿದರೂ ಸುಮ್ಮನಿರಿ. ಅವರು ಮಾಡಿದ್ದನ್ನು ತಿದ್ದಹೋದರೆ ಆ ಹೊಣೆ ಮೆಲ್ಲಗೆ ಮತ್ತೆ ನಿಮ್ಮ ಹೆಗಲಿಗೆ ಬರುತ್ತದೆ.

ತಂದೆ ಮಗುವನ್ನು ನೋಡಿಕೊಳ್ಳುವುದನ್ನು ‘ಸಹಾಯ’ ಎಂದು ಕರೆಯುವುದನ್ನು ಮನೆಯಲ್ಲಿ ನಿಲ್ಲಿಸಿ. ಮಗು ಇಬ್ಬರದ್ದು. ಅತ್ತೆ, ಅಮ್ಮ, ಅಕ್ಕ ಕೈಜೋಡಿಸುವುದಾದರೆ ಅದು ನಿಜವಾಗಿಯೂ ಸಹಾಯ. ಅವರ ದಣಿವನ್ನೂ ಲೆಕ್ಕಕ್ಕಿಟ್ಟು, ಹೊತ್ತು ಮೀರದೆ ಮಗುವನ್ನು ತಿರುಗಿ ತೆಗೆದುಕೊಳ್ಳಿ. ಒಬ್ಬರೇ ಮಗು ಸಾಕುತ್ತಿರುವವರು ಇಂಥದ್ದೇ ಆಸೆಯಿರುವ ಇನ್ನೊಬ್ಬ ತಾಯಿಯನ್ನು ಹುಡುಕಿ: ಒಂದು ದಿನ ಇಬ್ಬರ ಮಕ್ಕಳೂ ಅವರಲ್ಲಿ, ಇನ್ನೊಂದು ದಿನ ನಿಮ್ಮಲ್ಲಿ. ದುಡ್ಡಿಲ್ಲದೆ ನಡೆಯುವ ವ್ಯವಸ್ಥೆಗಳಲ್ಲಿ ಇಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ.

ದುಡ್ಡು ಕೊಟ್ಟು ಮಗುವನ್ನು ಬಿಡಲು ಅನುಕೂಲವಿದ್ದರೆ, ‘ನನ್ನ ಕಲೆಯಿಂದ ಇನ್ನೂ ಒಂದು ಪೈಸೆ ಬಂದಿಲ್ಲವಲ್ಲ’ ಎಂಬ ಯೋಚನೆ ಅಡ್ಡ ಬರಬಹುದು. ಯಾವ ಕಲೆಯೂ ಕಲಿಯುವ ಕಾಲದಲ್ಲೇ ಸಂಬಳ ಕೊಡುವುದಿಲ್ಲ. ಆ ಖರ್ಚು ಮನೆಯ ಖರ್ಚು, ನಿಮ್ಮೊಬ್ಬರದಲ್ಲ.

ಹಂತ 7: ನಿದ್ದೆ ಬಿಟ್ಟ ಮಗುವಿನ ಜೊತೆ

ಮೂರು ವರ್ಷದ ನಂತರ ಹಗಲು ನಿದ್ದೆಯ ಹೊತ್ತನ್ನೇ ‘ಸದ್ದಿಲ್ಲದ ಹೊತ್ತು’ ಮಾಡಿಕೊಳ್ಳಿ. ಮಗುವಿಗೆ ಗಡಿಯಾರ ಓದಲು ಬರುವುದಿಲ್ಲ, ಹಾಗಾಗಿ ಹೊತ್ತು ಕಣ್ಣಿಗೆ ಕಾಣಬೇಕು. ಮರಳು ಗಡಿಯಾರ, ಅಥವಾ ಬಣ್ಣ ಕರಗುತ್ತ ಹೋಗುವ ಟೈಮರ್ ತೋರಿಸಿ: ‘ಈ ಕೆಂಪು ಮುಗಿಯೋವರೆಗೆ ಅಮ್ಮಂಗೆ ಕೆಲಸ, ನಿಂಗೂ ಕೆಲಸ.’ ಮೊದಲ ದಿನ ಐದೇ ನಿಮಿಷ. ‘ಅಮ್ಮಾ, ಆಯ್ತಾ?’ ಎಂದು ನಾಲ್ಕು ಸಲ ಬರುತ್ತದೆ. ಮಾತು ಬೆಳೆಸದೆ ಟೈಮರ್ ತೋರಿಸಿ. ಕೆಂಪು ಮುಗಿದ ಕೂಡಲೇ, ವಾಕ್ಯ ಅರ್ಧವಿದ್ದರೂ, ಪೆನ್ನು ಕೆಳಗಿಟ್ಟು ಮಗುವನ್ನು ಎತ್ತಿಕೊಳ್ಳಿ. ‘ಇನ್ನೊಂದೇ ನಿಮಿಷ ಕಂದ’ ಎಂದಿರೋ, ಟೈಮರಿನ ಮೇಲಿನ ನಂಬಿಕೆ ಹೋಯಿತು. ನಂಬಿಕೆ ಕೂತ ಮೇಲೆ ಐದು ಹತ್ತಾಗುತ್ತದೆ, ಹತ್ತು ಅರ್ಧ ಗಂಟೆಯಾಗುತ್ತದೆ. ಕೆಲವು ಮಕ್ಕಳಿಗೆ ತಿಂಗಳು ಹಿಡಿಯುತ್ತದೆ, ಕೆಲವು ಮಕ್ಕಳು ಒಪ್ಪುವುದೇ ಇಲ್ಲ. ಅಂಥವರಿಗೆ ಆರನೇ ಹಂತವೇ ದಾರಿ.

ಮೊಬೈಲ್, ಟಿವಿ ವಿಷಯ: ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಾರ್ಗಸೂಚಿ. ತೋರಿಸುವುದೇ ಆದರೆ ಆ ಹೊತ್ತು ನಿಮ್ಮ ಕಲೆಗಿರಲಿ, ಪಾತ್ರೆಗೆ ಬೇಡ.

ಹಂತ 8: ಜಾರಿದ ವಾರಗಳು

ಹಲ್ಲು ಬರುವ ವಾರ, ಜ್ವರದ ವಾರ, ನಿಮ್ಮದೇ ಮೈ ಕೈಕೊಟ್ಟ ವಾರ, ಇವು ಬಂದೇ ಬರುತ್ತವೆ. ಆಗ ಮಾಡಬೇಕಾದದ್ದು ಇಷ್ಟೇ: ದಿನಕ್ಕೊಮ್ಮೆ ಪೆಟ್ಟಿಗೆ ತೆರೆದು ಚೀಟಿ ಓದಿ ಮುಚ್ಚುವುದು. ಬಿಟ್ಟದ್ದನ್ನೆಲ್ಲ ತುಂಬಿಸಿಕೊಡುವ ಹಟ ಬೇಡ. ಮರಳಿದ ದಿನ ಐದು ನಿಮಿಷದ ಪಟ್ಟಿಯಿಂದ ಒಂದನ್ನು ಎತ್ತಿಕೊಳ್ಳಿ. ಬೇರೆಯವರಿಗೆ ಗಡುವು ಕೊಡುವಾಗ ನಿಮಗೆ ಬೇಕೆನಿಸಿದ್ದರ ಎರಡರಷ್ಟು ಕೇಳಿ.

ಕೆಲಸಕ್ಕೆ ಕೂತಾಗ ಮಗು ನೆನಪಾಗುತ್ತದೆ, ಮಗುವಿನ ಜೊತೆಗಿದ್ದಾಗ ಕೆಲಸ ನೆನಪಾಗುತ್ತದೆ. ಈ ಎಳೆದಾಟ ಪೂರ್ತಿ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಂಗಾಳಿ ಲೇಖಕಿ ಆಶಾಪೂರ್ಣಾ ದೇವಿ ಶಾಲೆಗೆ ಹೋದವರಲ್ಲ, ಮೂರು ಮಕ್ಕಳ ತಾಯಿ, ಮನೆವಾರ್ತೆಯ ನಡುವೆಯೇ ನೂರಾರು ಕಥೆ ಕಾದಂಬರಿ ಬರೆದು 1976ರ ಜ್ಞಾನಪೀಠ ಪಡೆದರು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಇಂಥವರನ್ನು ತೋರಿಸಿ ‘ಅವರಿಗೆ ಆಯಿತು, ನಿನಗೇಕೆ ಆಗದು’ ಎಂದು ಅಳೆಯುವವರು ಸಿಗುತ್ತಾರೆ. ಅವರ ದಾರಿಯಿಂದ ಉಪಾಯ ಕಲಿಯಿರಿ, ಅಳತೆಗೋಲು ತರಬೇಡಿ.

ಇನ್ನೊಂದು: ಮಗುವೇ ನಿಮ್ಮ ಬರಹದ, ಫೋಟೊದ ವಸ್ತುವಾಗುವುದು ಸಹಜ. ಬರೆಯಿರಿ. ಆದರೆ ಪ್ರಕಟಿಸುವ ಮೊದಲು, ಹದಿನೈದು ವರ್ಷದವಳಾದಾಗ ಇದನ್ನು ಅವಳ ಸಹಪಾಠಿಗಳು ಓದಿದರೆ ಅವಳಿಗೆ ಹೇಗಾದೀತು ಎಂದು ಕೇಳಿಕೊಳ್ಳಿ. ಅನುಮಾನವಿದ್ದರೆ ಪೆಟ್ಟಿಗೆಯಲ್ಲೇ ಇರಲಿ.

ಹಂತ 9: ಮಗು ಶಾಲೆಗೆ ಸೇರುವಾಗ

ಒಮ್ಮೆಲೇ ಗಂಟೆಗಟ್ಟಲೆ ಬಿಡುವು ಕಾಣುತ್ತದೆ, ಅಷ್ಟೇ ಬೇಗ ಬೇರೆಯವರ ಕೆಲಸಗಳು ಅದರೊಳಗೆ ನುಗ್ಗುತ್ತವೆ. ಶಾಲೆ ಶುರುವಾಗುವ ಮೊದಲೇ ವಾರದ ಯಾವ ಗಂಟೆಗಳು ನಿಮ್ಮವು ಎಂದು ಮನೆಯ ಕ್ಯಾಲೆಂಡರಿನಲ್ಲಿ ಬರೆದು ಎಲ್ಲರಿಗೂ ಹೇಳಿ. ಹೊಸದಾಗಿ ಶಾಲೆ ಸೇರಿದ ಮಕ್ಕಳಿಗೆ ನೆಗಡಿ, ಜ್ವರ ಪದೇ ಪದೇ ಬರುತ್ತದೆ, ಆದ್ದರಿಂದ ಮೊದಲ ಕೆಲವು ತಿಂಗಳು ದೊಡ್ಡ ಗಡುವು ಒಪ್ಪಿಕೊಳ್ಳಬೇಡಿ. ಮೊದಲ ದಿನ ಹೊಸದೇನನ್ನೂ ಶುರು ಮಾಡದೆ ಇಷ್ಟು ವರ್ಷ ಕೂಡಿಟ್ಟ ಚೀಟಿ, ಧ್ವನಿ ಟಿಪ್ಪಣಿ, ಅರ್ಧ ಚಿತ್ರಗಳನ್ನೆಲ್ಲ ನೆಲದ ಮೇಲೆ ಹರಡಿ ನೋಡಿ. ದೊಡ್ಡದಾಗಿ ಬೆಳೆಯಬಲ್ಲದ್ದು ಎನಿಸಿದ ಒಂದನ್ನು ಆರಿಸಿ ಮೇಜಿನ ಮೇಲಿಡಿ. ಉಳಿದವಕ್ಕೆ ದಿನಾಂಕ ಹಾಕಿ ಪೆಟ್ಟಿಗೆಗೆ ಸೇರಿಸಿ, ಮಗುವನ್ನು ಕರೆತರಲು ಹೋಗುವ ಮೊದಲು ನಾಳೆಯ ಚೀಟಿ ಬರೆದಿಡಿ.